ಕಾಣದ ಕೈ ಕಲೆಸಿದ ಎಲೆ

ಮಹಾಭಾರತದ ದ್ಯೂತಪ್ರಸಂಗದಲ್ಲಿ ಶಕುನಿ ಗೆದ್ದದ್ದು ಕಪಟದಿಂದ ಎಂದು ವ್ಯಾಸರು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಆ ಕಪಟ ಯಾವ ಬಗೆಯದು, ಕೈಚಳಕವೋ ದಾಳದ ದೋಷವೋ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಆ ತೆರವನ್ನು ಜನರೇ ತುಂಬಿಕೊಂಡರು. ಶಕುನಿಯ ದಾಳಗಳು ಅವನ ಸತ್ತ ತಂದೆಯ ಮೂಳೆಯಿಂದ ಮಾಡಿದವು, ಅವನು ಕೇಳಿದ ಸಂಖ್ಯೆಗೇ ಅವು ಬೀಳುತ್ತಿದ್ದವು ಎಂಬ ಕಥೆ ವ್ಯಾಸಭಾರತದಲ್ಲಿ ಇಲ್ಲದಿದ್ದರೂ ಊರ ಕಟ್ಟೆಯ ಮಾತಿನಲ್ಲಿ ಭದ್ರವಾಗಿ ನಿಂತಿದೆ. ಜೂಜಿನಲ್ಲಿ ಸೋತವನನ್ನು ಸೋಲಿನಷ್ಟೇ ಕಾಡುವ ಪ್ರಶ್ನೆ ಇನ್ನೊಂದಿದೆ: ಮೋಸ ನಡೆದದ್ದಾದರೂ ಹೇಗೆ?

ಈ ಹಳೆಯ ಪ್ರಶ್ನೆ ಇಂಟರ್‌ನೆಟ್ ಕಾಲದಲ್ಲಿ ಹೊಸ ರೂಪ ತಳೆಯಿತು. 1998ರ ಜನವರಿಯಲ್ಲಿ ‘ಪ್ಲಾನೆಟ್ ಪೋಕರ್’ ಎಂಬ ತಾಣ ಹಣ ಕಟ್ಟಿ ಪೋಕರ್ ಆಡುವ ಅವಕಾಶವನ್ನು ಮೊದಲ ಬಾರಿಗೆ ಕಂಪ್ಯೂಟರ್ ಪರದೆಗೆ ತಂದಿತು. ಅಲ್ಲಿ ಮೇಜಿಲ್ಲ, ಎದುರಾಳಿಯ ಮುಖವಿಲ್ಲ, ಎಲೆ ಹಂಚುವ ಕೈಯೂ ಇಲ್ಲ. ಇರುವುದು ಪರದೆಯ ಮೇಲಿನ ಚಿತ್ರ ಮತ್ತು ಎಲ್ಲೋ ದೂರದಲ್ಲಿ ಕುಳಿತ ಒಂದು ಯಂತ್ರ. ಆ ಯಂತ್ರ ಪ್ರಾಮಾಣಿಕವೆಂದು ನಂಬಿ ಲಕ್ಷಾಂತರ ಜನ ಹಣ ಕಟ್ಟಿದರು. ಆ ನಂಬಿಕೆ ಎಲ್ಲಿ ಒಡೆಯಿತು, ಒಡೆದದ್ದನ್ನು ಕಂಡುಹಿಡಿದವರು ಯಾರು ಎಂಬುದು ಜೂಜಾಡದವರೂ ತಿಳಿಯಬೇಕಾದ ಕಥೆ.

ಮೇಜಿನ ಮೇಲಿನ ನಂಬಿಕೆ

ಮೊದಲು ಆಟದ ಬಗ್ಗೆ ಎರಡು ಮಾತು. ಪೋಕರಿನಲ್ಲಿ ಹಲವು ಬಗೆಗಳಿವೆ. ಹೆಚ್ಚು ಪ್ರಚಾರದಲ್ಲಿರುವುದು ‘ಟೆಕ್ಸಾಸ್ ಹೋಲ್ಡೆಮ್’. ಪ್ರತಿ ಆಟಗಾರನಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಬಳಿಕ ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಈ ಏಳರಲ್ಲಿ ಯಾವ ಐದು ಸೇರಿದರೆ ಹೆಚ್ಚಿನ ಬೆಲೆಯೋ ಅದೇ ಆಟಗಾರನ ಬಲ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಕೈಯಲ್ಲಿ ಏನೂ ಇಲ್ಲದೆ ದೊಡ್ಡ ಪಣ ಕಟ್ಟಿ ಎದುರಾಳಿಯನ್ನು ಹೆದರಿಸುವುದೂ ಆಟದ ಭಾಗವೇ. ಸುಳ್ಳು ಹೇಳಲು ಇಲ್ಲಿ ಪರವಾನಗಿ ಇದೆ. ಕದ್ದು ನೋಡಲು ಇಲ್ಲ. ಮುಚ್ಚಿದ ಎರಡು ಎಲೆಗಳ ಗುಟ್ಟೇ ಆಟದ ಜೀವ. ಆ ಗುಟ್ಟು ಒಬ್ಬನಿಗೆ ಬಯಲಾದರೆ ಉಳಿದವರು ಆಡುತ್ತಿರುವುದು ಪೋಕರ್ ಅಲ್ಲ, ಕಂತು ಕಟ್ಟುತ್ತಿದ್ದಾರೆ ಅಷ್ಟೆ.

ಮೇಜಿನ ಮೇಲೆ ಈ ಗುಟ್ಟನ್ನು ಕಾಯಲು ಶತಮಾನಗಳ ಅನುಭವ ಕೆಲವು ರೂಢಿಗಳನ್ನು ಕಲಿಸಿದೆ. ಒಬ್ಬ ಕಲೆಸಿದ ಎಲೆಕಟ್ಟನ್ನು ಇನ್ನೊಬ್ಬ ಕತ್ತರಿಸಿ ಇಡಬೇಕು. ದೀಪಾವಳಿಯ ರಾತ್ರಿ ಮನೆ ಜಗಲಿಯಲ್ಲಿ ಅಂದರ್ ಬಾಹರ್ ಆಡುವವರೂ ಇದನ್ನು ತಪ್ಪಿಸುವುದಿಲ್ಲ. ಕ್ಯಾಸಿನೊಗಳಲ್ಲಿ ನಡುವಿನ ಎಲೆ ತೆರೆಯುವ ಮುನ್ನ ಮೇಲಿನ ಒಂದು ಎಲೆಯನ್ನು ಯಾರಿಗೂ ತೋರಿಸದೆ ಬದಿಗೆ ಸರಿಸುತ್ತಾರೆ. ಅದರ ಬೆನ್ನಿಗೆ ಯಾರಾದರೂ ಗುರುತು ಮಾಡಿದ್ದರೆ ಆ ಗುರುತು ವ್ಯರ್ಥವಾಗಲಿ ಎಂದು. ಹಂಚುವ ನೌಕರ ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಬಿಚ್ಚಿ ತೋರಿಸುತ್ತಾನೆ. ಇಂಥ ಒಂದೊಂದು ರೂಢಿಯ ಹಿಂದೆಯೂ ಯಾವನೋ ಒಬ್ಬ ಮೋಸಗಾರನ ನೆನಪಿದೆ. ಪರದೆಯ ಮೇಲೆ ಇವು ಯಾವುವೂ ಇಲ್ಲ. ಅಲ್ಲಿ ಕಲೆಸುವುದೂ ಲೆಕ್ಕ, ಹಂಚುವುದೂ ಲೆಕ್ಕ.

ಗಡಿಯಾರ ಬಿಟ್ಟುಕೊಟ್ಟ ಗುಟ್ಟು

ಆಟಗಾರರಿಗೆ ಈ ಸಂಶಯ ಬರುವುದು ಸಹಜವೆಂದು ಮೊದಲ ದಿನಗಳ ಕಂಪನಿಗಳಿಗೂ ಗೊತ್ತಿತ್ತು. ಪ್ಲಾನೆಟ್ ಪೋಕರಿಗೆ ತಂತ್ರಾಂಶ ಒದಗಿಸಿದ ಎಎಸ್ಎಫ್ ಸಾಫ್ಟ್‌ವೇರ್ ಎಂಬ ಸಂಸ್ಥೆ ತಾನು ಎಲೆ ಕಲೆಸುವ ವಿಧಾನವನ್ನು ಎಲ್ಲರೂ ಓದಲೆಂದು ಬಹಿರಂಗವಾಗಿ ಪ್ರಕಟಿಸಿತು. ಮುಚ್ಚುಮರೆ ಇಲ್ಲ, ಬೇಕಾದವರು ಪರೀಕ್ಷಿಸಿ ನೋಡಿ ಎಂಬ ಧೈರ್ಯ ಅದರದು. ಅಮೆರಿಕದ ವರ್ಜೀನಿಯಾದಲ್ಲಿದ್ದ ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಸಂಸ್ಥೆಯ ತಂತ್ರಜ್ಞರು 1999ರಲ್ಲಿ ಅದನ್ನು ನಿಜಕ್ಕೂ ಓದಿದರು. ಓದಿದ ಕೂಡಲೇ ತಪ್ಪುಗಳು ಕಣ್ಣಿಗೆ ಬಿದ್ದವು.

ಮೊದಲ ತಪ್ಪು ಕಲೆಸುವ ಕ್ರಮದಲ್ಲೇ ಇತ್ತು. ಕಟ್ಟಿನಲ್ಲಿ ಎಕ್ಕ, ರಾಜ, ರಾಣಿ ಎಂಬ ಮೂರೇ ಎಲೆಗಳಿವೆ ಎಂದು ಇಟ್ಟುಕೊಳ್ಳೋಣ. ಅವುಗಳನ್ನು ಸಾಲಾಗಿ ಜೋಡಿಸುವ ಬಗೆ ಆರು. ನ್ಯಾಯವಾದ ಕಲೆಸುವಿಕೆ ಎಂದರೆ ಈ ಆರಕ್ಕೂ ಸಮಾನ ಅವಕಾಶ ಸಿಗಬೇಕು. ಆದರೆ ಈ ತಂತ್ರಾಂಶ ಪ್ರತಿ ಎಲೆಯನ್ನೂ ಕಟ್ಟಿನ ಯಾವುದೇ ಎಲೆಯೊಡನೆ ಅದಲುಬದಲು ಮಾಡುತ್ತಾ ಹೋಗುತ್ತಿತ್ತು. ಮೂರು ಸಲ, ಪ್ರತಿ ಸಲವೂ ಮೂರು ಆಯ್ಕೆ. ಒಟ್ಟು 27 ದಾರಿಗಳು. ಇಪ್ಪತ್ತೇಳನ್ನು ಆರು ಜನಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ಮೂರು ಜೋಡಣೆಗಳಿಗೆ ಐದೈದು ದಾರಿ, ಉಳಿದ ಮೂರಕ್ಕೆ ನಾಲ್ಕು ನಾಲ್ಕು. ಅಂದರೆ ಕೆಲವು ಜೋಡಣೆಗಳು ಹೆಚ್ಚು ಸಲ ಬರುತ್ತವೆ. ಒಮ್ಮೆ ಜಾಗ ಹಿಡಿದ ಎಲೆಯನ್ನು ಮತ್ತೆ ಮುಟ್ಟದೆ ಉಳಿದವುಗಳಿಂದ ಮಾತ್ರ ಆರಿಸಿದ್ದರೆ ದಾರಿಗಳು ಸರಿಯಾಗಿ ಆರೇ ಆಗುತ್ತಿದ್ದವು. ಇಷ್ಟು ಸಾಲದೆಂಬಂತೆ 1ರಿಂದ 52ರವರೆಗೆ ಆರಿಸಬೇಕಾದ ಕಡೆ ಲೆಕ್ಕ ತಪ್ಪಿ 51ಕ್ಕೇ ನಿಂತಿತ್ತು. ಹೀಗಾಗಿ ಕಟ್ಟಿನ ಕೊನೆಯ ಎಲೆ ತಿರುಗಿ ಕೊನೆಯ ಜಾಗಕ್ಕೆ ಬರುವುದು ಸಾಧ್ಯವೇ ಇರಲಿಲ್ಲ.

ಆದರೆ ನಿಜವಾದ ಅಪಾಯ ಎರಡನೆಯ ತಪ್ಪಿನಲ್ಲಿತ್ತು. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ಬರೆಯಲು 8ರ ಮುಂದೆ 67 ಅಂಕಿಗಳು ಬೇಕು. ಯಾವ ಕಂಪ್ಯೂಟರಿಗೂ ಅಷ್ಟನ್ನು ಹುಡುಕಿ ನೋಡಲು ಆಗದು. ಕಂಪ್ಯೂಟರಿಗೆ ಮನಬಂದಂತೆ ಸಂಖ್ಯೆ ಹೇಳಲೂ ಬರುವುದಿಲ್ಲ. ಅದಕ್ಕೆ ಒಂದು ಆರಂಭದ ಸಂಖ್ಯೆ ಕೊಟ್ಟರೆ ಸೂತ್ರದ ಪ್ರಕಾರ ಅದರಿಂದ ಮುಂದಿನ ಸಂಖ್ಯೆಗಳನ್ನು ಹೊರಡಿಸುತ್ತದೆ. ನೋಡುವವರಿಗೆ ಅವು ಮನಬಂದಂತೆ ಬಂದ ಹಾಗೆ ಕಾಣುತ್ತವೆ. ಒಂದೇ ಬೀಜದಿಂದ ಯಾವಾಗಲೂ ಒಂದೇ ಬೆಳೆ. ಎಎಸ್ಎಫ್ ಬಳಸಿದ ಏರ್ಪಾಟಿನಲ್ಲಿ ಬೀಜ ಎಷ್ಟು ದೊಡ್ಡದೆಂದರೂ ಸುಮಾರು 430 ಕೋಟಿ ಬಗೆ. ಅದನ್ನೂ ಅವರು ಕಂಪ್ಯೂಟರಿನ ಗಡಿಯಾರದಿಂದ ತೆಗೆಯುತ್ತಿದ್ದರು: ಮಧ್ಯರಾತ್ರಿಯಿಂದ ಆ ಕ್ಷಣದವರೆಗೆ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಎಂಬ ಎಣಿಕೆ. ದಿನಕ್ಕೆ ಇರುವ ಮಿಲಿಸೆಕೆಂಡುಗಳು 8 ಕೋಟಿ 64 ಲಕ್ಷ. ಅಲ್ಲಿಗೆ ಇಡೀ ದಿನದಲ್ಲಿ ಸಾಧ್ಯವಿದ್ದ ಎಲೆಕಟ್ಟುಗಳು ಅಷ್ಟೇ.

ತಂತ್ರಜ್ಞರು ತಮ್ಮ ಗಡಿಯಾರವನ್ನು ತಾಣದ ಗಡಿಯಾರಕ್ಕೆ ಹೊಂದಿಸಿಕೊಂಡಾಗ ಹುಡುಕಬೇಕಾದ ಕಟ್ಟುಗಳು ಸುಮಾರು ಎರಡು ಲಕ್ಷಕ್ಕೆ ಇಳಿದವು. ಕೈಯಲ್ಲಿರುವ ಎರಡು ಎಲೆ, ನಡುವೆ ತೆರೆದ ಮೂರು ಎಲೆ, ಈ ಐದನ್ನು ಕೊಟ್ಟರೆ ಅವರ ಸಾಧಾರಣ ಕಂಪ್ಯೂಟರ್ ಆ ಎರಡು ಲಕ್ಷದಲ್ಲಿ ಸರಿಹೊಂದುವ ಒಂದನ್ನು ಆಟ ನಡೆಯುತ್ತಿರುವಾಗಲೇ ಹೆಕ್ಕಿ ಕೊಡುತ್ತಿತ್ತು. ಅಲ್ಲಿಂದ ಮುಂದೆ ಪ್ರತಿಯೊಬ್ಬನ ಕೈಯಲ್ಲಿ ಏನಿದೆ, ಮುಂದೆ ಯಾವ ಎಲೆ ಬರಲಿದೆ, ಎಲ್ಲವೂ ಅಂಗೈ ನೆಲ್ಲಿಕಾಯಿ. ಅವರು ಈ ವಿದ್ಯೆಯನ್ನು ಹಣಕ್ಕೆ ಬಳಸದೆ ಲೇಖನವಾಗಿ ಪ್ರಕಟಿಸಿದರು. ಕಂಪನಿ ತನ್ನ ಕ್ರಮವನ್ನು ಬದಲಿಸಿಕೊಂಡಿತು.

ವಿಧಾನವನ್ನು ಬಹಿರಂಗಪಡಿಸಿದ್ದೇ ತಪ್ಪಾಯಿತು ಎಂದು ಇದರಿಂದ ಪಾಠ ಕಲಿಯುವವರುಂಟು. ಅದು ಸರಿಯಲ್ಲ. ಬಚ್ಚಿಟ್ಟಿದ್ದರೆ ದೋಷ ಅಲ್ಲೇ ಇರುತ್ತಿತ್ತು. ಪ್ರಾಮಾಣಿಕರ ಬದಲು ಬೇರೆ ಯಾರೋ ಅದನ್ನು ಕಂಡುಕೊಳ್ಳುತ್ತಿದ್ದರು. ಈಗಿನ ದೊಡ್ಡ ತಾಣಗಳು ಗಡಿಯಾರವನ್ನು ನೆಚ್ಚದೆ ಭೌತಿಕ ಉಪಕರಣಗಳಲ್ಲಿ ತಾನಾಗಿ ಹುಟ್ಟುವ ಏರುಪೇರುಗಳಿಂದ ಬೀಜ ಪಡೆಯುತ್ತವೆ, ಹೊರಗಿನ ಪ್ರಯೋಗಾಲಯಗಳಿಂದ ಪರೀಕ್ಷೆ ಮಾಡಿಸುತ್ತವೆ. ಕಲೆಸುವ ಸಮಸ್ಯೆಗೆ ಉತ್ತರ ಸಿಕ್ಕಿತು. ಸಿಗದೆ ಉಳಿದದ್ದು ಇನ್ನೊಂದು ಪ್ರಶ್ನೆಗೆ ಉತ್ತರ: ಕಲೆಸಿದ ಎಲೆಗಳನ್ನು ನೋಡಬಲ್ಲವನು ಕಂಪನಿಯ ಒಳಗೇ ಇದ್ದರೆ?

363ನೇ ವೀಕ್ಷಕ

2007ರ ಸೆಪ್ಟೆಂಬರಿನಲ್ಲಿ ‘ಆಬ್ಸಲ್ಯೂಟ್ ಪೋಕರ್’ ಎಂಬ ತಾಣದಲ್ಲಿ ಸಾವಿರ ಡಾಲರ್ ಪ್ರವೇಶಧನದ ಒಂದು ಪಂದ್ಯ ನಡೆಯಿತು. ಗೆದ್ದವನು ‘ಪಾಟ್‌ರಿಪರ್’ ಎಂಬ ಹೆಸರಿನ ಆಟಗಾರ. ಕೊನೆಯ ಸುತ್ತಿನಲ್ಲಿ ಎದುರಾಳಿ ತನ್ನಲ್ಲಿದ್ದುದೆಲ್ಲವನ್ನೂ ಪಣಕ್ಕೆ ಒಡ್ಡಿದಾಗ ಪಾಟ್‌ರಿಪರನ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. ಅವನ ಅತಿ ದೊಡ್ಡ ಎಲೆ ಹತ್ತು. ತಿಳಿದವನು ಯಾರೂ ಅಂಥ ಎಲೆ ಹಿಡಿದು ಅಷ್ಟು ಹಣಕ್ಕೆ ಕೈಹಾಕುವುದಿಲ್ಲ. ಅವನು ಹಾಕಿದ, ಗೆದ್ದ. ಎದುರಾಳಿಯ ಕೈ ಅದಕ್ಕಿಂತಲೂ ಬರಿದಾಗಿತ್ತು.

ಅದೇ ತಾಣದ ದೊಡ್ಡ ಪಣದ ಮೇಜುಗಳಲ್ಲಿ ಕೆಲವು ಖಾತೆಗಳು ನಂಬಲಾಗದಂತೆ ಗೆಲ್ಲುತ್ತಿವೆ ಎಂಬ ಗುಸುಗುಸು ಮೊದಲೇ ಇತ್ತು. ಎರಡನೆಯ ಸ್ಥಾನ ಪಡೆದ ಆಟಗಾರ ಪಂದ್ಯದ ದಾಖಲೆ ಕಳಿಸಿಕೊಡಿ ಎಂದು ಕಂಪನಿಗೆ ಬರೆದ. ಸಾಮಾನ್ಯವಾಗಿ ಆಟಗಾರನಿಗೆ ಸಿಗುವುದು ಅವನ ಸ್ವಂತ ಎಲೆಗಳ ವಿವರ ಮಾತ್ರ. ಆದರೆ ಅವನಿಗೆ ಬಂದ ಕಡತದಲ್ಲಿ ಪಂದ್ಯದ ಎಲ್ಲ ಆಟಗಾರರ ಮುಚ್ಚಿದ ಎಲೆಗಳೂ, ಆಡಿದವರ ಮತ್ತು ಕುಳಿತು ನೋಡಿದವರ ಕಂಪ್ಯೂಟರ್ ವಿಳಾಸಗಳೂ ತುಂಬಿದ್ದವು. ಅಂಥ ಕಡತ ಹೊರಬಿದ್ದದ್ದು ಕಳ್ಳನ ಜಾಡನ್ನು ಕಳ್ಳನ ಮನೆಯವರೇ ತೋರಿಸಿಕೊಟ್ಟಂತಾಯಿತು.

ಆ ಸಾಲುಸಾಲು ಅಂಕಿಗಳನ್ನು ಆಟಗಾರರು ಕೂತು ಬಿಡಿಸಿದರು. ಮೊದಲ ಎರಡು ಸುತ್ತುಗಳಲ್ಲಿ ಪಾಟ್‌ರಿಪರ್ ಎಲೆ ಕೆಳಗಿಟ್ಟಿದ್ದ. ಆಗ 363 ಎಂಬ ಸಂಖ್ಯೆಯ ವೀಕ್ಷಕನೊಬ್ಬ ಮೇಜಿನ ಬಳಿ ಬಂದ. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ನಿಮಿಷ ಪಾಟ್‌ರಿಪರ್ ನಡುವಿನ ಎಲೆಗಳು ತೆರೆಯುವ ಮುನ್ನ ಒಂದು ಸುತ್ತನ್ನೂ ಬಿಡಲಿಲ್ಲ. ಕೊನೆಗೆ ಬಿಟ್ಟ ಒಂದು ಸುತ್ತಿನಲ್ಲಿ ಎದುರಾಳಿಯೊಬ್ಬನ ಕೈಯಲ್ಲಿ ಎರಡು ರಾಜರಿದ್ದರು. ಒಬ್ಬ ನೋಡುತ್ತಿದ್ದಾನೆ, ಇನ್ನೊಬ್ಬ ಆಡುತ್ತಿದ್ದಾನೆ. 363ರ ಜಾಡು ಹಿಡಿದು ಹೋದರೆ ಅದು ಸೇರಿದ್ದು ಕೋಸ್ಟರಿಕಾದಲ್ಲಿದ್ದ ಕಂಪನಿಯ ಒಳಮನೆಗೇ.

ಮೊದಲು ಎಲ್ಲವನ್ನೂ ಅಲ್ಲಗಳೆದ ಕಂಪನಿ 2007ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು: ತನ್ನ ನಂಬಿಕೆಗೆ ಪಾತ್ರನಾಗಿದ್ದ ಒಳಗಿನವನೊಬ್ಬ ಎಲ್ಲರ ಎಲೆಗಳನ್ನೂ ನೋಡುವ ದಾರಿ ಮಾಡಿಕೊಂಡಿದ್ದ. ನೊಂದವರಿಗೆ ಸುಮಾರು 16 ಲಕ್ಷ ಡಾಲರ್ ಹಿಂತಿರುಗಿಸಲಾಯಿತು.

ಚುಕ್ಕಿಗಳ ಸಾಕ್ಷ್ಯ

ಅದರ ಬೆನ್ನಿಗೇ ಆಬ್ಸಲ್ಯೂಟಿನ ಸೋದರ ಸಂಸ್ಥೆ ‘ಅಲ್ಟಿಮೇಟ್ ಬೆಟ್’ ಮೇಲೂ ಸಂಶಯ ಬಿತ್ತು. ಇಲ್ಲಿ ಯಾರೂ ತಪ್ಪಿ ಕಡತ ಕಳಿಸಲಿಲ್ಲ. ಆಟಗಾರರ ಬಳಿ ಇದ್ದದ್ದು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಆಟಗಳ ದಾಖಲೆ ಮಾತ್ರ. ಅವನ್ನೇ ಒಟ್ಟುಗೂಡಿಸಿ ಅವರು ಲೆಕ್ಕ ಹಾಕಿದರು.

ಆ ಲೆಕ್ಕದ ತರ್ಕ ಸರಳ. ಪೋಕರಿನಲ್ಲಿ ನುರಿತವನು ಹೆಚ್ಚಿನ ಸುತ್ತುಗಳಲ್ಲಿ ಎಲೆ ಕೆಳಗಿಟ್ಟು ಸುಮ್ಮನಿರುತ್ತಾನೆ. ಆಡುವುದು ಕಡಿಮೆ, ಗೆಲ್ಲುವುದು ನಿಧಾನ. ಸಿಕ್ಕ ಎಲೆಗೆಲ್ಲ ಪಣ ಕಟ್ಟುವವನು ಬೇಗ ಬರಿಗೈಯಾಗುತ್ತಾನೆ. ಒಂದು ಹಾಳೆಯ ಮೇಲೆ ಅಡ್ಡಕ್ಕೆ ಎಷ್ಟು ಸುತ್ತು ಆಡಿದ, ಉದ್ದಕ್ಕೆ ಎಷ್ಟು ಗೆದ್ದ ಎಂದು ಗುರುತು ಹಾಕಿ ಒಬ್ಬೊಬ್ಬನಿಗೂ ಒಂದು ಚುಕ್ಕಿ ಇಟ್ಟರೆ ಸಾವಿರಾರು ಚುಕ್ಕಿಗಳು ಒಂದು ಮೋಡದಂತೆ ಗುಂಪಾಗುತ್ತವೆ. ‘ನಿಯೊನಿಯೊ’ ಎಂಬ ಖಾತೆಯ ಚುಕ್ಕಿ ಮಾತ್ರ ಆ ಮೋಡದಿಂದ ಬಹುದೂರ ಮೇಲೆ ಒಂಟಿಯಾಗಿ ನಿಂತಿತ್ತು. ಅವನು ಮೂರ್ಖನಂತೆ ಬಹಳ ಸುತ್ತುಗಳನ್ನು ಆಡುತ್ತಿದ್ದ, ಯಾವ ಜಾಣನೂ ಗೆಲ್ಲದಷ್ಟು ಗೆಲ್ಲುತ್ತಿದ್ದ. ಅದೃಷ್ಟ ಒಂದು ರಾತ್ರಿ ಒಲಿಯಬಹುದು. ಸಾವಿರಾರು ಸುತ್ತುಗಳಲ್ಲಿ ಅಷ್ಟು ಒಲಿಯುವುದೆಂದರೆ ಲಾಟರಿಯ ಮೊದಲ ಬಹುಮಾನ ಒಬ್ಬನಿಗೇ ಮತ್ತೆ ಮತ್ತೆ ಬಂದಂತೆ.

ಅಂಕಿಗಳು ತಪ್ಪು ಹೇಳಿರಲಿಲ್ಲ. ತಂತ್ರಾಂಶದೊಳಗೆ ಇತರರ ಎಲೆಗಳನ್ನು ಆಟ ನಡೆಯುವಾಗಲೇ ತೋರಿಸುವ ಒಂದು ಗುಪ್ತ ಕಿಂಡಿ ಇತ್ತು. ತಾಣಕ್ಕೆ ಪರವಾನಗಿ ನೀಡಿದ್ದ ಕೆನಡಾದ ಕಾನವಾಕಿ ಗೇಮಿಂಗ್ ಆಯೋಗ 2008ರ ಸೆಪ್ಟೆಂಬರಿನಲ್ಲಿ ತನ್ನ ತೀರ್ಮಾನ ಪ್ರಕಟಿಸಿತು. 2004ರ ಮೇ ತಿಂಗಳಿನಿಂದ 2008ರ ಜನವರಿಯವರೆಗೆ ಮೋಸ ನಡೆದಿದೆ, ಅದರ ಮುಖ್ಯ ಹೊಣೆಗಾರ ಮತ್ತು ಫಲಾನುಭವಿ ರಸೆಲ್ ಹ್ಯಾಮಿಲ್ಟನ್ ಎಂದು ಹೇಳಿತು. ಈ ಹೆಸರು ಕೇಳಿ ಆಟಗಾರರು ಬೆಚ್ಚಿದರು. ಹ್ಯಾಮಿಲ್ಟನ್ 1994ರ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಆ ವರ್ಷ ಗೆದ್ದವನಿಗೆ ಹತ್ತು ಲಕ್ಷ ಡಾಲರಿನ ಜೊತೆಗೆ ಅವನ ತೂಕದಷ್ಟು ಬೆಳ್ಳಿಯನ್ನೂ ಕೊಟ್ಟಿದ್ದರು. ಬೆಳ್ಳಿಯಲ್ಲಿ ತೂಗಿಸಿಕೊಂಡವನಿಗೆ ಕಿಂಡಿಯಲ್ಲಿ ಇಣುಕುವ ಗತಿ ಬಂದಿತ್ತು. ಆಟಗಾರರಿಗೆ ಹಿಂದಿರುಗಿಸಬೇಕಾಗಿ ಬಂದ ಹಣ ಸುಮಾರು 2.2 ಕೋಟಿ ಡಾಲರ್.

ತೀರ್ಪು ಕೊಡುವವರು ಯಾರು?

ಹಣ ಮರಳಿತು, ನ್ಯಾಯ ಸಿಕ್ಕಿತೇ? ಆಯೋಗ ಆಬ್ಸಲ್ಯೂಟಿಗೆ 5 ಲಕ್ಷ, ಅಲ್ಟಿಮೇಟ್ ಬೆಟ್‌ಗೆ 15 ಲಕ್ಷ ಡಾಲರ್ ದಂಡ ವಿಧಿಸಿತು. ಆದರೆ ಈ ಇಣುಕಾಟಕ್ಕಾಗಿ ಯಾರೂ ಜೈಲು ಸೇರಲಿಲ್ಲ. ಕಂಪನಿಯ ಕಚೇರಿ ಒಂದು ದೇಶದಲ್ಲಿ, ಪರವಾನಗಿ ಇನ್ನೊಂದರಲ್ಲಿ, ಸೋತವರು ಹಲವು ದೇಶಗಳಲ್ಲಿ. ಯಾವ ಪೊಲೀಸ್ ಠಾಣೆಗೆ ಹೋಗುವುದು? ಆಯೋಗ ಇದ್ದದ್ದು ಮಾಂಟ್ರಿಯಲ್ ಬಳಿಯ ಮೋಹಾಕ್ ಮೂಲನಿವಾಸಿಗಳ ಪುಟ್ಟ ನಾಡಿನಲ್ಲಿ. ಎರಡೂ ತಾಣಗಳ ಒಡೆತನ ಹೊಂದಿದ್ದ ಟೋಕ್ವಿರೊ ಎಂಬ ಕಂಪನಿ ಅದೇ ನಾಡಿನ ಹಿಂದಿನ ಮುಖ್ಯಸ್ಥ ಜೋಸೆಫ್ ನಾರ್ಟನ್ ಅವರದು. ಪರವಾನಗಿ ಕೊಟ್ಟವರು, ಪಡೆದವರು, ವಿಚಾರಣೆ ಮಾಡಿದವರು ಇಷ್ಟು ಹತ್ತಿರದವರಾದಾಗ ತೀರ್ಪು ಸರಿಯಿದ್ದರೂ ಸಂಶಯ ಉಳಿಯುತ್ತದೆ.

ಇನ್ನೂ ದೊಡ್ಡ ಪೆಟ್ಟು 2011ರಲ್ಲಿ ಬಿತ್ತು. ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆಬ್ಸಲ್ಯೂಟ್ ಈ ಮೂರು ಸಂಸ್ಥೆಗಳ ಸ್ಥಾಪಕರ ಮೇಲೆ ಮೊಕದ್ದಮೆ ಹೂಡಿತು. ಆಟಗಾರರು ಆ ದಿನವನ್ನು ‘ಕಪ್ಪು ಶುಕ್ರವಾರ’ ಎನ್ನುತ್ತಾರೆ. ಫುಲ್ ಟಿಲ್ಟ್ ತನ್ನ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಎಂದು ಆಗ ಬೆಳಕಿಗೆ ಬಂತು. ಎಲೆ ಹಂಚಿದ್ದು ಸರಿಯಾಗಿಯೇ ಇರಬಹುದು. ಗೆದ್ದ ಹಣವೇ ಪೆಟ್ಟಿಗೆಯಲ್ಲಿ ಇರಲಿಲ್ಲ. 2012ರಲ್ಲಿ ಪೋಕರ್‌ಸ್ಟಾರ್ಸ್ ಸರ್ಕಾರದೊಡನೆ ರಾಜಿಯಾಗಿ ಫುಲ್ ಟಿಲ್ಟ್ ಅನ್ನು ವಹಿಸಿಕೊಂಡ ಮೇಲೆ ಆಟಗಾರರ ಬಾಕಿಗೆ ದಾರಿಯಾಯಿತು. ಆಬ್ಸಲ್ಯೂಟಿನಲ್ಲಿ ಹಣ ಸಿಕ್ಕಿಕೊಂಡಿದ್ದ ಅಮೆರಿಕದ ಆಟಗಾರರು 2017ರವರೆಗೆ ಕಾಯಬೇಕಾಯಿತು.

ಯಂತ್ರವೇ ಆಟಗಾರನಾದಾಗ

ಕಿಂಡಿಯಲ್ಲಿ ಇಣುಕುವುದು ಒಂದೇ ಮೋಸವಲ್ಲ. ಇಬ್ಬರು ಗೆಳೆಯರು ಒಂದೇ ಮೇಜಿಗೆ ಕುಳಿತು ಫೋನಿನಲ್ಲಿ ತಂತಮ್ಮ ಎಲೆ ಹೇಳಿಕೊಂಡರೆ ಮೂರನೆಯವನಿಗೆ ತಿಳಿಯುವುದಿಲ್ಲ. ಒಬ್ಬನೇ ಹಲವು ಹೆಸರಿನಲ್ಲಿ ಆಡಬಹುದು. ಆದರೆ ಪರದೆಯ ಆಟದಲ್ಲಿ ಒಂದು ಅನುಕೂಲವೂ ಇದೆ. ಇಸ್ಪೀಟ್ ಕ್ಲಬ್ಬಿನಲ್ಲಿ ಮುಗಿದ ಸುತ್ತು ಮುಗಿಯಿತು. ಎಲೆಗಳು ಮತ್ತೆ ಕಟ್ಟು ಸೇರುತ್ತವೆ. ಪರದೆಯ ಮೇಲೆ ಒಂದೊಂದು ನಡೆಯೂ ಅಚ್ಚಾಗಿ ಉಳಿಯುತ್ತದೆ. ಯಾರು ಯಾರೊಡನೆ ಸದಾ ಒಂದೇ ಮೇಜಿಗೆ ಬರುತ್ತಾರೆ, ಯಾರ ಎದುರು ಯಾರು ಮೆತ್ತಗೆ ಆಡುತ್ತಾರೆ ಎಂದು ಮರಳಿ ನೋಡಬಹುದು.

ಹತ್ತು ವರ್ಷಗಳಿಂದೀಚೆಗೆ ಹೆಚ್ಚಿನ ಭಯ ಹುಟ್ಟಿಸಿರುವುದು ಎಣಿಸಬಲ್ಲ ಯಂತ್ರ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ತಂತ್ರಾಂಶ ನಾಲ್ವರು ವೃತ್ತಿಪರರೊಡನೆ ಇಪ್ಪತ್ತು ದಿನ, 1,20,000 ಸುತ್ತು ಇಬ್ಬರ ಆಟ ಆಡಿ ನಾಲ್ವರನ್ನೂ ಸೋಲಿಸಿತು. 2019ರಲ್ಲಿ ಅದೇ ಬಳಗದ ‘ಪ್ಲೂರಿಬಸ್’ ಆರು ಜನರ ಮೇಜಿನಲ್ಲೂ ಗೆದ್ದಿತು. ಅದನ್ನು ತಯಾರು ಮಾಡಲು ತಗುಲಿದ ಕಂಪ್ಯೂಟರ್ ಬಾಡಿಗೆ 150 ಡಾಲರಿಗಿಂತಲೂ ಕಡಿಮೆ. ಅದು ವಿಜ್ಞಾನದ ಸಾಧನೆ ನಿಜ. ಆದರೆ ಅಂಥ ಒಂದು ಯಂತ್ರ ಪಕ್ಕದ ಪರದೆಯಲ್ಲಿ ಕುಳಿತು ಕಿವಿಯೂದಿದರೆ ಎದುರಾಳಿಗೆ ಗೊತ್ತಾಗುವ ಬಗೆ ಯಾವುದು? ಇಲ್ಲಿ ಯಾರೂ ಯಾರ ಎಲೆಯನ್ನೂ ಕದ್ದು ನೋಡುವುದಿಲ್ಲ. ಮನುಷ್ಯ ಮನುಷ್ಯನೊಡನೆ ಆಡುತ್ತಿದ್ದಾನೆ ಎಂಬ ಮಾತು ಮಾತ್ರ ಸುಳ್ಳಾಗುತ್ತದೆ.

ಹಳೆಯ ಕಿಂಡಿಗಳೂ ಪೂರ್ತಿ ಮುಚ್ಚಿಲ್ಲ. 2023ರ ಕೊನೆಯಲ್ಲಿ ‘ಜಿಜಿಪೋಕರ್’ ತಾಣದಲ್ಲಿ ಒಬ್ಬ ಅಸಾಧ್ಯವಾಗಿ ಗೆಲ್ಲುತ್ತಿರುವುದನ್ನು ಇತರ ಆಟಗಾರರು ಎತ್ತಿ ತೋರಿಸಿದರು. ಆಟಗಾರನ ಕಂಪ್ಯೂಟರಿಗೆ ಹೋಗಬಾರದಿದ್ದ ಮಾಹಿತಿ ಹೋಗುತ್ತಿತ್ತು, ಅದರಿಂದ ಅವನು ತನ್ನ ಗೆಲುವಿನ ಸಾಧ್ಯತೆಯನ್ನು ಊಹಿಸುತ್ತಿದ್ದ ಎಂದು ಕಂಪನಿಯೇ ಒಪ್ಪಿಕೊಂಡು 29,795 ಡಾಲರ್ ಮುಟ್ಟುಗೋಲು ಹಾಕಿಕೊಂಡಿತು. ಇಲ್ಲೂ ಮೊದಲು ಕಂಡದ್ದು ಎಣಿಕೆ ಹಾಕುತ್ತಿದ್ದ ಆಟಗಾರರಿಗೇ.

ಭಾರತದಲ್ಲಿ ಚರ್ಚೆ ಬಹುಕಾಲ ಬೇರೆ ದಾರಿಯಲ್ಲಿ ಸಾಗಿತು. ಪೋಕರ್ ಕೌಶಲದ ಆಟವೋ ಅದೃಷ್ಟದ ಜೂಜೋ ಎಂಬುದೇ ನ್ಯಾಯಾಲಯಗಳ ಮುಂದಿದ್ದ ಪ್ರಶ್ನೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ಪೊಲೀಸ್ ತಿದ್ದುಪಡಿ ಕಾಯ್ದೆಯ ಆ ಭಾಗಗಳನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣ ಕಟ್ಟುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುವ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿ ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳಲ್ಲಿ ಸಲ್ಲಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಈ ವಾದಗಳಲ್ಲೆಲ್ಲ ಹೆಚ್ಚು ಕೇಳಿಬಂದದ್ದು ಆಡಬಹುದೇ ಎಂಬ ಪ್ರಶ್ನೆ. ಆಡುವವನಿಗೆ ಎಲೆ ಸರಿಯಾಗಿ ಹಂಚಲಾಗುತ್ತಿದೆಯೇ ಎಂಬ ಪ್ರಶ್ನೆ ಕೇಳಿದ್ದು ಕಡಿಮೆ. ನಿಷೇಧ ಮೀರಿ ಗಡಿಯಾಚೆಯ ತಾಣಕ್ಕೆ ಹಣ ಕಳಿಸುವವನಂತೂ ದೂರು ಕೊಡುವ ದಾರಿಯನ್ನೂ ಕಳೆದುಕೊಂಡಿರುತ್ತಾನೆ.

ಈ ಕಥೆಗಳಲ್ಲಿ ಒಂದು ಮಾತು ಸಮಾನ. ಕಪಟ ಬಯಲಾದದ್ದು ಕಂಪನಿಯ ಕಾವಲಿನಿಂದ ಅಲ್ಲ, ಆಯೋಗದ ತಪಾಸಣೆಯಿಂದಲೂ ಅಲ್ಲ. ಒಮ್ಮೆ ಹೊರಗಿನ ಓದುಗರು ಸೂತ್ರವನ್ನು ಓದಿದರು. ಮತ್ತೊಮ್ಮೆ ಸೋತವರು ತಾವು ಸೋತ ಸುತ್ತುಗಳನ್ನು ಒಂದೊಂದಾಗಿ ಎಣಿಸಿದರು. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯನಿಗೆ ಆ ಅವಕಾಶ ಇರಲಿಲ್ಲ. ಬಿದ್ದ ದಾಳಗಳ ಲೆಕ್ಕವನ್ನು ಅಲ್ಲಿ ಯಾರೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ಮೂಳೆಯ ಕಥೆ ಕಟ್ಟುವ ಕೆಲಸ ಜನರಿಗೆ ಉಳಿಯುತ್ತಿರಲಿಲ್ಲ.